ಚೆಂಗ್ದೆ: ಬೇಸಿಗೆ ಅರಮನೆಯ ಉದ್ಯಾನ ಮತ್ತು ನಗರ

ಚೆಂಗ್ದೆ ಚೀನದ ಹೆಬೇ ಪ್ರಾಂತ್ಯದ ಉತ್ತರ ಭಾಗದ ನಗರ. ಬೀಜಿಂಗ್‌ನಿಂದ ಈಶಾನ್ಯಕ್ಕೆ ಸುಮಾರು 230 ಕಿಮೀ ದೂರದಲ್ಲಿ, ಮಹಾಗೋಡೆಯ ಆಚೆಗೆ, ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಚಿಂಗ್ ವಂಶದ ಚಕ್ರವರ್ತಿಗಳು ಇಲ್ಲಿ ಕಟ್ಟಿಸಿದ ಬಿಶು ಶಾನ್‌ಜುವಾಂಗ್ ಎಂಬ ಬೇಸಿಗೆ ಅರಮನೆ, ಚೀನದಲ್ಲಿ ಇಂದಿಗೂ ಉಳಿದಿರುವ ಅರಸು ಉದ್ಯಾನಗಳಲ್ಲೆಲ್ಲ ದೊಡ್ಡದು. ವಿಸ್ತೀರ್ಣ 564 ಹೆಕ್ಟೇರು. ಬೆಟ್ಟದ ಏರಿಳಿತವನ್ನು ಅನುಸರಿಸಿ ಸಾಗುವ ಸುತ್ತುಗೋಡೆಯ ಉದ್ದ ಸುಮಾರು 10 ಕಿಮೀ. ಉದ್ಯಾನವನ್ನೂ ಅದರ ಹೊರಗಿನ ದೇವಾಲಯಗಳನ್ನೂ 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಯುರೋಪಿಯನ್ ಬರಹಗಳಲ್ಲಿ ಕಾಣುವ ಜೆಹೋಲ್ ಇದೇ ಊರು. ಇಲ್ಲಿನ ರೆಹೆ ಎಂಬ ಹೊಳೆಯ ಹೆಸರೇ ಹಾಗಾಗಿದೆ.

ಉಗಮ

1681ರಲ್ಲಿ ಕಾಂಗ್‌ಶಿ ಚಕ್ರವರ್ತಿ ಉತ್ತರದ ಹುಲ್ಲುಗಾವಲಿನ ಅಂಚಿನಲ್ಲಿ ಮುಲಾನ್ ಎಂಬ ಬೇಟೆಯ ಕಾಡನ್ನು ಮೀಸಲಿಟ್ಟ. ಪ್ರತಿ ಶರತ್ಕಾಲದಲ್ಲಿ ಅಲ್ಲಿಗೆ ಹೋಗುವ ಸೈನ್ಯ ತಂಗಲು ದಾರಿಯುದ್ದಕ್ಕೂ ಬಿಡಾರಗಳು ಎದ್ದವು. ರೆಹೆ ಅವುಗಳಲ್ಲೊಂದು. ಕಟ್ಟಡದ ಕೆಲಸ 1703ರಲ್ಲಿ ಶುರುವಾಗಿ, 1711ರಲ್ಲಿ ಕಾಂಗ್‌ಶಿ ಅದಕ್ಕೆ ಈಗಿನ ಹೆಸರಿಟ್ಟ. ಬಿಸಿಲಿನ ಬೇಗೆ ತಪ್ಪಿಸಿಕೊಳ್ಳುವ ಬೆಟ್ಟದ ಮನೆ ಎಂದು ಅರ್ಥ. ಅವನ ಮಗ ಯೊಂಗ್‌ಜೆಂಗ್ ಪಟ್ಟಕ್ಕೆ ಬಂದ ಮೇಲೆ ಇತ್ತ ತಲೆಹಾಕಲಿಲ್ಲ. ಆದರೂ 1733ರಲ್ಲಿ ಊರಿಗೆ ಚೆಂಗ್ದೆ ಎಂಬ ಹೆಸರು ಕೊಟ್ಟವನು ಅವನೇ. ಕಾಂಗ್‌ಶಿಯ ಮೊಮ್ಮಗ ಚಿಯೆನ್‌ಲಾಂಗ್ ಕಟ್ಟಿಸುವುದನ್ನು ಮುಂದುವರಿಸಿ 1792ರಲ್ಲಿ ಮುಗಿಸಿದ. ಕಾಂಗ್‌ಶಿ ನಾಲ್ಕಕ್ಷರದ ಹೆಸರಿಟ್ಟು ಗುರುತಿಸಿದ 36 ನೋಟಗಳಿಗೆ ಚಿಯೆನ್‌ಲಾಂಗ್ ಮೂರಕ್ಷರದ ಹೆಸರಿನ ಇನ್ನೂ 36 ಸೇರಿಸಿದ.

ತಂಪು ಹವೆಗಾಗಿಯೇ ಇಷ್ಟೆಲ್ಲ ಕಟ್ಟಿದರು ಎಂಬ ವಿವರಣೆ ಪ್ರವಾಸಿ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅದು ಸಾಲದು. ಮಂಗೋಲ್ ನಾಯಕರಲ್ಲಿ ಸಿಡುಬು ಬಂದು ಹೋದವರು ಬೀಜಿಂಗ್‌ಗೆ ಹೋಗಿ ದರ್ಶನ ಪಡೆಯುತ್ತಿದ್ದರು. ಸಿಡುಬು ಬಾರದವರಿಗೆ ಜನದಟ್ಟಣೆಯ ರಾಜಧಾನಿ ಎಂದರೆ ಪ್ರಾಣಭಯ. ಅಂಥವರನ್ನು ಬೇಟೆಯ ನೆಪದಲ್ಲಿ ಮಹಾಗೋಡೆಯ ಹೊರಗೆ ಕಂಡು, ಉಡುಗೊರೆ ಕೊಟ್ಟು, ನಿಷ್ಠೆ ಗಟ್ಟಿಮಾಡಿಕೊಳ್ಳಲು ಚೆಂಗ್ದೆ ತಕ್ಕ ಜಾಗವಾಗಿತ್ತು. ಚಿಂಗ್ ವಂಶದ ಮಂಚೂ ದೊರೆಗಳು ವರ್ಷಕ್ಕೆ ಕೆಲವು ತಿಂಗಳು ಇಲ್ಲಿಂದಲೇ ರಾಜ್ಯಭಾರ ಮಾಡುತ್ತಿದ್ದರು. ಅರಮನೆಯ ಮುಖ್ಯ ದ್ವಾರ ಲಿಜೆಂಗ್‌ಮೆನ್‌ನ ಫಲಕದಲ್ಲಿ ಮಂಚೂ, ಚೀನಿ, ಮಂಗೋಲ್, ಟಿಬೆಟನ್, ಉಯ್ಗುರ್ ಎಂಬ ಐದು ಲಿಪಿಗಳಿವೆ. ಯಾರು ಯಾರು ಈ ಬಾಗಿಲು ದಾಟುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉದ್ಯಾನದ ಐದರಲ್ಲಿ ನಾಲ್ಕು ಪಾಲು ಬೆಟ್ಟ. ಉಳಿದುದರಲ್ಲಿ ಅರಮನೆ, ಕೆರೆಗಳು, ಬಯಲು. ಕೆರೆಯ ಸುತ್ತ ದಕ್ಷಿಣ ಚೀನದ ಹೆಸರಾಂತ ತಾಣಗಳ ಪಡಿಯಚ್ಚುಗಳಿವೆ: ಜೆಂಜಿಯಾಂಗ್‌ನ ಚಿನ್ನದ ದಿಬ್ಬ, ಜಿಯಾಶಿಂಗ್‌ನ ತುಂತುರುಮಳೆಯ ಮಹಡಿ, ಸುಜೌನ ಸಿಂಹವನ. ಉತ್ತರದ ಬಯಲಿನಲ್ಲಿ ಮಂಗೋಲ್ ಗುಡಾರಗಳು ಏಳುತ್ತಿದ್ದವು. ಇಡೀ ಉದ್ಯಾನವನ್ನು ಸಾಮ್ರಾಜ್ಯದ ಭೂಪಟದಂತೆ ಓದಬಹುದೆಂದು ಫಿಲಿಪ್ ಫೊರೆ ಮೊದಲಾದ ಇತಿಹಾಸಕಾರರು ಇತ್ತೀಚೆಗೆ ವಾದಿಸಿದ್ದಾರೆ. ಬೆಟ್ಟ, ಬಯಲು, ನೀರು ಅಲ್ಲಿ ಮೊದಲೇ ಇದ್ದವೆಂಬುದನ್ನು ಮರೆತರೆ ಈ ವಾದ ಅತಿಯಾಗುತ್ತದೆ. ದೇವಾಲಯಗಳ ಮಟ್ಟಿಗೆ ಮಾತ್ರ ಅದು ಚೆನ್ನಾಗಿ ಒಪ್ಪುತ್ತದೆ.

ಅರಮನೆಯ ಮುಖ್ಯ ಸಭಾಂಗಣವನ್ನು 1754ರಲ್ಲಿ ನಾನ್ಮು ಎಂಬ ಪರಿಮಳದ ಮರದಿಂದ ಮತ್ತೆ ಕಟ್ಟಲಾಯಿತು. ಬೀಜಿಂಗ್‌ನ ಕೆಂಪು, ಚಿನ್ನದ ಬಣ್ಣ ಇಲ್ಲಿಲ್ಲ. ಬಣ್ಣ ಬಳಿಯದ ಕಂಬಗಳು ಬೂದುಗಂದಾಗಿವೆ; ಮಳೆಗಾಲದ ತೇವಕ್ಕೆ ಮರ ಇಂದಿಗೂ ಕಂಪು ಬಿಡುತ್ತದೆ.

ದೇವಾಲಯಗಳ ಲೆಕ್ಕ

ಉದ್ಯಾನದ ಪೂರ್ವ ಮತ್ತು ಉತ್ತರದ ಗುಡ್ಡಗಳ ಮೇಲಿನ ದೇವಾಲಯಗಳನ್ನು 'ಹೊರಗಿನ ಎಂಟು ದೇವಾಲಯಗಳು' ಎಂದು ಕರೆಯುತ್ತಾರೆ. 1713ರಿಂದ 1780ರವರೆಗೆ ಕಟ್ಟಿದ್ದು ಹನ್ನೆರಡು. ಕೆಲವು ಪುಸ್ತಕಗಳು ಎಂಟು ಎಂದೂ ಕೆಲವು ಹನ್ನೆರಡು ಎಂದೂ ಹೇಳುವುದರಿಂದ ಓದುಗರು ಗಲಿಬಿಲಿಗೊಳ್ಳುತ್ತಾರೆ. ಗಡಿನಾಡುಗಳ ಆಡಳಿತ ನೋಡುತ್ತಿದ್ದ ಬೀಜಿಂಗ್‌ನ ಕಚೇರಿಯಿಂದ ಲಾಮಾಗಳಿಗೆ ಸಂಬಳ ಬರುತ್ತಿದ್ದ ಕೇಂದ್ರಗಳು ಎಂಟು. ಎಂಟೆಂಬುದು ಸಂಬಳದ ಲೆಕ್ಕ, ಕಟ್ಟಡಗಳದಲ್ಲ. ಹನ್ನೆರಡರಲ್ಲಿ ಕೆಲವು ಈಗ ಅಡಿಪಾಯವಷ್ಟೇ ಆಗಿ ಉಳಿದಿವೆ.

ಒಂದೊಂದು ದೇವಾಲಯದ ಹಿಂದೆಯೂ ಒಂದು ರಾಜಕೀಯ ಘಟನೆ ಇದೆ. ಜುಂಗಾರ್ ಮಂಗೋಲರನ್ನು ಸೋಲಿಸಿದ 1755ರಲ್ಲಿ, ಟಿಬೆಟ್ಟಿನ ಸಾಮ್ಯೆ ಮಠದ ಮಾದರಿಯಲ್ಲಿ ಪುನಿಂಗ್ ದೇವಾಲಯ ಆರಂಭವಾಯಿತು. ಅದರೊಳಗಿನ ಅವಲೋಕಿತೇಶ್ವರನ ಮರದ ವಿಗ್ರಹ 22 ಮೀಟರಿಗೂ ಎತ್ತರ. ಮಹಡಿಗೆ ಹತ್ತಿದರೆ ಮಾತ್ರ ಮುಖ ಸರಿಯಾಗಿ ಕಾಣುತ್ತದೆ. ಲಾಸಾದ ಪೊಟಾಲವನ್ನು ಹೋಲುವ ಪುಟುವೊ ಜೊಂಗ್‌ಚೆಂಗ್ ಚಿಯೆನ್‌ಲಾಂಗ್‌ನ 60ನೆಯ, ಅವನ ತಾಯಿಯ 80ನೆಯ ಹುಟ್ಟುಹಬ್ಬಕ್ಕಾಗಿ 1767ರಿಂದ 1771ರೊಳಗೆ ಎದ್ದಿತು. ಅದು ಮುಗಿಯುವ ಹೊತ್ತಿಗೇ ವೋಲ್ಗಾ ತೀರದಿಂದ ಹೊರಟಿದ್ದ ತೊರ್ಗುತ್ ಮಂಗೋಲರು, ದಾರಿಯಲ್ಲಿ ಬಹುಮಂದಿಯನ್ನು ಕಳೆದುಕೊಂಡು, ಚಿಂಗ್ ಗಡಿ ಸೇರಿದರು. ಅವರ ನಾಯಕ ಉಬಾಶಿಯನ್ನು ಚಿಯೆನ್‌ಲಾಂಗ್ ಚೆಂಗ್ದೆಯಲ್ಲಿ ಸತ್ಕರಿಸಿದ. ಆ ಕಥೆಯ ಶಾಸನ ಈ ದೇವಾಲಯದಲ್ಲಿದೆ.

1780: ಮೂರು ಸಾಕ್ಷಿಗಳು

ಚಿಯೆನ್‌ಲಾಂಗ್‌ನ 70ನೆಯ ಹುಟ್ಟುಹಬ್ಬಕ್ಕೆ ಆರನೆಯ ಪಂಚೆನ್ ಲಾಮಾ ಟಿಬೆಟ್ಟಿನಿಂದ ಬಂದ. ಅವನಿಗಾಗಿ ತಾಶಿಲ್ಹುನ್‌ಪೊ ಮಠದ ಮಾದರಿಯಲ್ಲಿ ಶುಮಿ ಫುಶೌ ದೇವಾಲಯ ಕಟ್ಟಿದರು. ಅದೇ ಸಮಯಕ್ಕೆ ಕೊರಿಯದ ರಾಯಭಾರಿಗಳಿಗೆ ಬೀಜಿಂಗ್‌ನಿಂದ ಕೂಡಲೇ ಚೆಂಗ್ದೆಗೆ ಬರುವಂತೆ ಅಪ್ಪಣೆಯಾಯಿತು. ತಂಡದಲ್ಲಿದ್ದ ಲೇಖಕ ಪಾಕ್ ಚಿವೊನ್, ಒಂದೇ ರಾತ್ರಿಯಲ್ಲಿ ಒಂಬತ್ತು ಸಲ ಹೊಳೆ ದಾಟಿದ್ದನ್ನು ತನ್ನ 'ಯೊಲ್ಹಾ ಇಲ್ಗಿ' ಎಂಬ ದಿನಚರಿಯಲ್ಲಿ ವರ್ಣಿಸಿದ್ದಾನೆ. ಲಾಮಾನಿಗೆ ನಮಸ್ಕರಿಸಬೇಕೆಂದಾಗ ಕನ್‌ಫ್ಯೂಷಿಯನ್ ನಿಷ್ಠೆಯ ಕೊರಿಯನ್ನರು ಪೇಚಿಗೆ ಸಿಕ್ಕಿದರು. ನಮಸ್ಕರಿಸದೆ ಕುಳಿತುಬಿಟ್ಟರು ಎನ್ನುತ್ತಾನೆ ಪಾಕ್. ಆಸ್ಥಾನದ ದಾಖಲೆಗಳ ಧಾಟಿ ಬೇರೆ.

ಮೂರನೆಯ ಸಾಕ್ಷಿ ಭಾರತೀಯ. ಪುರಂಗಿರ್ ಎಂಬ ದಶನಾಮಿ ಗೋಸಾಯಿ ಪಂಚೆನ್ ಲಾಮಾನ ಪರಿವಾರದೊಂದಿಗೆ ಚೆಂಗ್ದೆಯವರೆಗೂ ಹೋಗಿಬಂದ. ಇವನು ಹಿಂದೆ 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಕಳಿಸಿದ ಜಾರ್ಜ್ ಬೋಗಲ್‌ನ ಜೊತೆ ಟಿಬೆಟ್ಟಿಗೆ ಹೋಗಿದ್ದವನು. ಲಾಮಾ ಚಕ್ರವರ್ತಿಯ ಮುಂದೆ ಹೇಸ್ಟಿಂಗ್ಸ್‌ನ ಪ್ರಸ್ತಾಪ ಎತ್ತಿದನೆಂದೂ ತಾನು ಅಲ್ಲೇ ಇದ್ದೆನೆಂದೂ ಅವನ ಹೇಳಿಕೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇದನ್ನು ಆಸೆಯಿಂದ ನಂಬಿದರು. ಚೀನದ ದಾಖಲೆಗಳು ಇದಕ್ಕೆ ಬೆಂಬಲ ಕೊಡುವುದಿಲ್ಲ. ಕೇಳುವವರಿಗೆ ಬೇಕಾದುದನ್ನು ಹೇಳುವ ಜಾಣ್ಮೆ ಅವನಿಗಿತ್ತು ಎಂದು ಶಂಕಿಸಲು ಕಾರಣವಿದೆ. ಆದರೆ ಅವನು ಅಲ್ಲಿಗೆ ಹೋಗಿದ್ದು ನಿಜ. ಪಂಚೆನ್ ಲಾಮಾ ಅದೇ ವರ್ಷ ಬೀಜಿಂಗ್‌ನಲ್ಲಿ ಸಿಡುಬಿನಿಂದ ತೀರಿಕೊಂಡ. ಪುರಂಗಿರ್ ಹೌರಾದ ಭೋಟ್ ಬಾಗಾನ್ ಮಠದ ಮಹಂತನಾಗಿದ್ದು, 1795ರಲ್ಲಿ ದರೋಡೆಕೋರರಿಂದ ಹತನಾದ.

1793: ಮಂಡಿಯ ಪ್ರಶ್ನೆ

ಚೀನಕ್ಕೆ ಬಂದ ಬ್ರಿಟನ್ನಿನ ಮೊದಲ ರಾಯಭಾರಿ ಲಾರ್ಡ್ ಮಕಾರ್ಟ್ನಿ 1793ರ ಸೆಪ್ಟೆಂಬರ್ 14ರಂದು ಉದ್ಯಾನದ ಬಯಲಿನ ಗುಡಾರದಲ್ಲಿ ಚಕ್ರವರ್ತಿಯನ್ನು ಕಂಡ. ಈತ ಮದರಾಸಿನ ಗವರ್ನರ್ ಆಗಿದ್ದವನು. ಇವನ ಕಾರ್ಯದರ್ಶಿ ಜಾರ್ಜ್ ಸ್ಟಾಂಟನ್ 1784ರಲ್ಲಿ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರಿನ ಒಪ್ಪಂದ ಕುದುರಿಸಿದ ಮೂವರಲ್ಲಿ ಒಬ್ಬ. ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆ ನೆಲಕ್ಕೆ ತಾಗಿಸುವ ಪದ್ಧತಿಗೆ ತಾನು ಒಪ್ಪಲಿಲ್ಲ, ಒಂದೇ ಮಂಡಿ ಊರಿದೆ ಎಂದು ಮಕಾರ್ಟ್ನಿ ಬರೆದುಕೊಂಡ. ಆಸ್ಥಾನದ ಅಧಿಕಾರಿ ಗುವಾನ್ ಶಿಮಿಂಗ್‌ನ ಪದ್ಯದ ಪ್ರಕಾರ ಪರದೇಶಿಗಳು ಎರಡೂ ಮಂಡಿ ಊರಿದರು. 1816ರಲ್ಲಿ ಮತ್ತೊಬ್ಬ ಬ್ರಿಟಿಷ್ ರಾಯಭಾರಿ ಬಂದಾಗ, ಹಿಂದಿನವನು ಪೂರ್ಣ ಪ್ರಣಾಮ ಮಾಡಿದ್ದನೆಂದು ಜಿಯಾಚಿಂಗ್ ಚಕ್ರವರ್ತಿ ಹೇಳಿದ. ಸ್ಟಾಂಟನ್‌ನ 12 ವರ್ಷದ ಮಗ ತನ್ನ ದಿನಚರಿಯಲ್ಲಿ ತಲೆಬಾಗಿದ ಸಂಗತಿ ಬರೆದು, ನೆಲದವರೆಗೆ ಎಂಬರ್ಥದ ಮಾತನ್ನು ಗೀಟೆಳೆದು ಹೊಡೆದುಹಾಕಿದ್ದಾನೆ. ಇತಿಹಾಸಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಈ ಭೇಟಿಯ ಚಿತ್ರಗಳನ್ನು ನೋಡುವಾಗಲೂ ಎಚ್ಚರ ಬೇಕು. ಕಲಾವಿದ ವಿಲಿಯಂ ಅಲೆಕ್ಸಾಂಡರ್ ಬೀಜಿಂಗ್‌ನಲ್ಲೇ ಉಳಿದಿದ್ದ; ಚೆಂಗ್ದೆಯ ಅವನ ಚಿತ್ರಗಳಿಗೆ ಬೇರೆಯವರ ರೇಖಾಚಿತ್ರಗಳೇ ಆಧಾರ. ಊರಿನ ಬಗ್ಗೆ ಸ್ಟಾಂಟನ್ ಕೊಟ್ಟ ವರ್ಣನೆಯಾದರೂ ಕಣ್ಣಾರೆ ಕಂಡದ್ದು: ಅಧಿಕಾರಿಗಳ ಮನೆ ಬಿಟ್ಟರೆ ಬಡ ಗುಡಿಸಲುಗಳು, ಕಲ್ಲುಹಾಸಿಲ್ಲದ ಧೂಳಿನ ಅಂಕುಡೊಂಕು ಬೀದಿಗಳು.

ರಾಯಭಾರದ ದುಭಾಷಿ ಲಿ ಎಂಬ ಚೀನಿ ಪಾದ್ರಿ ಓದಿದ್ದು ನೇಪಲ್ಸ್‌ನ ಒಂದು ವಿದ್ಯಾಲಯದಲ್ಲಿ. ಆ ವಿದ್ಯಾಲಯವನ್ನು ಸ್ಥಾಪಿಸಿದ ಮತ್ತೇಯೊ ರೀಪಾ, ಕಾಂಗ್‌ಶಿಯ 36 ನೋಟಗಳನ್ನು 1713ರಲ್ಲಿ ತಾಮ್ರದ ಹಾಳೆಗಳ ಮೇಲೆ ಕೆತ್ತಿ ಅಚ್ಚುಹಾಕಿದವನು. ಅವನು 1724ರಲ್ಲಿ ಲಂಡನ್ನಿಗೆ ಬಂದಿದ್ದ. ಲಾರ್ಡ್ ಬರ್ಲಿಂಗ್ಟನ್‌ನ ಸಂಗ್ರಹದಲ್ಲಿದ್ದ, ಈ ಕೆತ್ತನೆಗಳ ಒಂದು ಸಂಪುಟ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂಗ್ಲಿಷ್ ಉದ್ಯಾನಶೈಲಿ ಇದರಿಂದಲೇ ಹುಟ್ಟಿತೆಂಬ ಮಾತು ಆಕರ್ಷಕ, ಆಧಾರ ತೆಳುವು.

ಇಳಿಗಾಲ ಮತ್ತು ಈಚಿನ ಕಾಲ

ಜಿಯಾಚಿಂಗ್ 1820ರಲ್ಲಿ ಚೆಂಗ್ದೆಯಲ್ಲೇ ಸತ್ತ. ಸಿಡಿಲು ಬಡಿದು ಸತ್ತನೆಂಬುದು ಜನಜನಿತ ಕಥೆ ಮಾತ್ರ. ಅನಂತರ ಬೇಟೆ ನಿಂತಿತು. ನಲವತ್ತು ವರ್ಷಗಳ ಬಳಿಕ, 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳಿಗೆ ಹೆದರಿ ಓಡಿಬಂದ ಚಕ್ರವರ್ತಿ ಶಿಯೆನ್‌ಫೆಂಗ್ ಇಲ್ಲಿ ಮರುವರ್ಷ ಆಗಸ್ಟ್ 22ರಂದು ತೀರಿಕೊಂಡ; ಅಧಿಕಾರ ಅವನ ಉಪಪತ್ನಿ ತ್ಸಿಶಿಯ ಕೈಗೆ ಹೋಗುವ ದಾರಿ ತೆರೆಯಿತು.

ಗಣರಾಜ್ಯದ ಕಾಲದಲ್ಲಿ ಇಲ್ಲಿ ಬೀಡುಬಿಟ್ಟ ಸೇನಾ ದೊರೆಗಳು ಮರಗಳನ್ನು ಕಡಿದರು, ವಿಗ್ರಹಗಳನ್ನು ಮಾರಿದರು. ಉದ್ಯಾನದ ವೆನ್‌ಜಿನ್ ಗ್ರಂಥಾಲಯದಲ್ಲಿದ್ದ ಸಿಕು ಚುವಾನ್‌ಶು ಮಹಾಸಂಗ್ರಹದ 36,000ಕ್ಕೂ ಹೆಚ್ಚು ಸಂಪುಟಗಳು ಅದಕ್ಕೆ ಮೊದಲೇ ಬೀಜಿಂಗ್ ಸೇರಿದ್ದರಿಂದ ಉಳಿದುಕೊಂಡವು. 1930ರಲ್ಲಿ ಬಂದ ಸ್ವೀಡನ್ನಿನ ಅನ್ವೇಷಕ ಸ್ವೆನ್ ಹೆದಿನ್ ಕಂಡದ್ದು ಸೋರುವ ಮಾಡುಗಳನ್ನು. ಪುಟುವೊ ಜೊಂಗ್‌ಚೆಂಗ್‌ನ ಚಿನ್ನದ ಮಾಡಿನ ಮಂಟಪದ ಪ್ರತಿಯನ್ನು ಅವನು ಮಾಡಿಸಿ 1933ರ ಚಿಕಾಗೊ ಮೇಳದಲ್ಲಿ ನಿಲ್ಲಿಸಿದ. ಅದೇ ವರ್ಷ ಮಾರ್ಚ್‌ನಲ್ಲಿ ಊರು ಜಪಾನೀಯರ ವಶವಾಯಿತು. ಜಪಾನಿ ವಿದ್ವಾಂಸರಾದ ಸೆಕಿನೊ ತದಾಶಿ ಮತ್ತು ತಕೆಶಿಮಾ ತಕುಇಚಿ 1934ರಲ್ಲಿ ಪ್ರಕಟಿಸಿದ ಛಾಯಾಚಿತ್ರಗಳು ಆಕ್ರಮಣದ ನೆರಳಲ್ಲಿ ತೆಗೆದವು. ಆದರೆ ಈಗ ಇಲ್ಲವಾಗಿರುವ ಕಟ್ಟಡಗಳಿಗೆ ಅವಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

1961ರಲ್ಲಿ ಉದ್ಯಾನ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಗೆ ಸೇರಿತು. 1976ರಿಂದ ಹತ್ತತ್ತು ವರ್ಷಗಳ ಮೂರು ದುರಸ್ತಿ ಯೋಜನೆಗಳು ನಡೆದವು. ಬೋಳಾಗಿದ್ದ ಮುಲಾನ್ ಬೇಟೆಗಾಡಿನ ಸೈಹಾನ್‌ಬಾ ಭಾಗದಲ್ಲಿ 1962ರಿಂದ ಬೆಳೆಸಿದ ಕಾಡಿಗೆ 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು.

2021ರ ಜನವರಿಯಲ್ಲಿ ವೇಗದ ರೈಲು ಮಾರ್ಗ ಪೂರ್ತಿಯಾದ ಮೇಲೆ ಬೀಜಿಂಗ್‌ನಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಮಕಾರ್ಟ್ನಿಗೆ ಸುಮಾರು ಒಂದು ವಾರ ಹಿಡಿದಿತ್ತು. ಬೆಳಿಗ್ಗೆ ಬಂದು ಸಂಜೆ ಮರಳುವವರು ಅರಮನೆ, ಕೆರೆ ನೋಡಿ ಹೋಗುತ್ತಾರೆ. ದೇವಾಲಯಗಳಿರುವುದು ಗೋಡೆಯ ಹೊರಗೆ, ಚೆಂಗ್ದೆಯ ಇತಿಹಾಸದ ಮುಖ್ಯ ಪಾಲೂ ಅಲ್ಲೇ. ಅವಕ್ಕೆ ಇನ್ನೊಂದು ದಿನ ಬೇಕು.