ಖೆಡ್ಡಾದಿಂದ ಸಫಾರಿಗೆ: ಕಬಿನಿ ದಂಡೆಯ ಕಾಡು

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಬಯಲಲ್ಲಿ ಎಳೆ ಹುಲ್ಲು ಚಿಗುರಿದರೆ ಸಾಕು, ಬಂಡೀಪುರ, ನಾಗರಹೊಳೆಗಳೆರಡರಿಂದಲೂ ಆನೆಗಳು ಹಿಂಡುಗಟ್ಟಿ ಬರುತ್ತವೆ. ನೋಡಲು ಸಾವಿರಾರು ರೂಪಾಯಿ ತೆತ್ತು ಜನ ಜೀಪು ಹತ್ತುತ್ತಾರೆ. ಅರ್ಧ ಶತಮಾನದ ಹಿಂದೆ ಇದೇ ಕಬಿನಿ ದಂಡೆಯ ಕಾಕನಕೋಟೆ ಕಾಡಿಗೆ ಜನ ಬರುತ್ತಿದ್ದದ್ದು ಆನೆ ಹಿಡಿಯುವುದನ್ನು ನೋಡಲು.

ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಖೆಡ್ಡಾ ಶುರುಮಾಡಿದವನು ಜಿ.ಪಿ. ಸ್ಯಾಂಡರ್ಸನ್. ತಮಟೆ, ಪಂಜುಗಳ ಗದ್ದಲದಲ್ಲಿ ಹಿಂಡನ್ನು ಹೊಳೆಗಿಳಿಸಿ, ಆಚೆ ದಡದ ದಿಮ್ಮಿಗಳ ಆವರಣಕ್ಕೆ ನುಗ್ಗಿಸಿ ಬಾಗಿಲು ಬೀಳಿಸುತ್ತಿದ್ದರು. ಆಮೇಲೆ ಪಳಗಿದ ಆನೆಗಳನ್ನು ಒಳಗೆ ಬಿಟ್ಟು ಒಂದೊಂದಕ್ಕೇ ಹಗ್ಗ ಬಿಗಿಯುತ್ತಿದ್ದರು. ನೋಡುವವರು ರಾಜರ ಅತಿಥಿಗಳು. ಜಾಡು ಹಿಡಿಯುವವರು ಹಾಡಿಯ ಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1968ರಲ್ಲಿ ಇಲ್ಲೇ ಸೆರೆಯಾಗಿ, ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸತ್ತದ್ದು ಹಾಸನ ಜಿಲ್ಲೆಯಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಅರಸರ ಬೇಟೆಯ ಬಂಡೀಪುರವೂ ಸೇರಿತು. ಆದರೆ ಬೋರ್ಡು ನೆಟ್ಟ ಮಾತ್ರಕ್ಕೆ ಬಂದೂಕು ಸುಮ್ಮನಾಗದು. 1955ರಲ್ಲೇ ಅಭಯಾರಣ್ಯವಾಗಿದ್ದ ನಾಗರಹೊಳೆಯೊಳಗೆ ಮರ ಕಡಿತ, ದನ ಮೇಯಿಸುವುದು, ಹಡ್ಲುಗಳೆಂಬ ಜೌಗು ಬಯಲುಗಳಲ್ಲಿ ಭತ್ತದ ಸಾಗುವಳಿ ಎಲ್ಲವೂ ನಡೆದಿತ್ತು. ಅದನ್ನು ನಿಲ್ಲಿಸಲು ಹೆಣಗಿದವರು ರೇಂಜರ್ ಕೆ.ಎಂ. ಚಿಣ್ಣಪ್ಪ ಮತ್ತು ಅವರ ಗಾರ್ಡುಗಳು, ವಾಚರುಗಳು. ನಾಗರಹೊಳೆಯ ಕೀರ್ತಿಯಲ್ಲಿ ದೊಡ್ಡ ಪಾಲು ಕಾಲ್ನಡಿಗೆಯ ಈ ಗಸ್ತಿಗೆ ಸಲ್ಲಬೇಕು.

ಉಳಿದ ಹುಲಿಗಳೆಷ್ಟು ಎಂದು ತಿಳಿಯುವ ದಾರಿಯೂ ಬದಲಾಯಿತು. ಮೊದಲು ಹೆಜ್ಜೆ ಗುರುತಿನ ಮೇಲೆ ಗಾಜಿಟ್ಟು ಗೆರೆ ನಕಲು ಮಾಡಿಕೊಂಡು ಹುಲಿ ಎಣಿಸುತ್ತಿದ್ದರು. ಒಂದೇ ಪಾದ ಕೆಸರಿನಲ್ಲೊಂದು ತರ, ಒಣಮಣ್ಣಿನಲ್ಲೊಂದು ತರ ಮೂಡುತ್ತದೆ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿಸಿದರು. ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ, ಅದರ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲ. ರಾಜಸ್ಥಾನದ ಸರಿಸ್ಕಾದ ಹುಲಿಗಳು ಪೂರಾ ಅಳಿದ ಸುದ್ದಿ 2005ರಲ್ಲಿ ಬಯಲಾದ ಮೇಲಷ್ಟೇ ದೇಶ ಹಳೆಯ ಲೆಕ್ಕ ಬಿಟ್ಟಿತು. 2022ರ ಅಂದಾಜಿನಲ್ಲಿ ಕರ್ನಾಟಕದ ಪಾಲು 563 ಹುಲಿ.

ಪ್ರವಾಸೋದ್ಯಮ ಬಂದದ್ದು ಈ ಕಾವಲಿನ ಬೆನ್ನಲ್ಲೇ. 1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿ, ಮುಂದೆ ಕಾರಾಪುರದಲ್ಲಿ ಅತಿಥಿಗಳನ್ನು ಇಳಿಸಿಕೊಂಡಿತು. ನಾಗರಹೊಳೆ ಉದ್ಯಾನದೊಳಗೇ ಖಾಸಗಿ ಹೋಟೆಲು ಏಳಹೊರಟಾಗ ಹಾಡಿಗಳ ಜನ ಎದುರು ನಿಂತರು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಸಂಚಾರವೂ ಬಹುಮಟ್ಟಿಗೆ ನಿಂತಿದೆ. ಆ ದಾರಿ ಬಳಸುವ ಕೇರಳದ ತಕರಾರು ಮುಗಿದಿಲ್ಲ, ಆದರೂ ಇಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಈಗಿನ ಜಗಳ ಕಾಡಂಚಿನದು. ಕಂದಕ ದಾಟಿ, ಸೋಲಾರ್ ಬೇಲಿ ಮುರಿದು ಆನೆ ರಾಗಿ ಹೊಲಕ್ಕಿಳಿಯುತ್ತದೆ. ರೈಲು ಕಂಬಿಯ ಬೇಲಿ ತಡೆದರೆ ಪಕ್ಕದೂರಿಗೆ ತಿರುಗುತ್ತದೆ. ಹೆಗ್ಗಡದೇವನಕೋಟೆಯ ರೈತನಿಗೆ ಬೆಳೆ ಪರಿಹಾರ ಕೈಸೇರುವುದರೊಳಗೆ ಮುಂದಿನ ಬಿತ್ತನೆಯೇ ಬಂದಿರುತ್ತದೆ. ಸಫಾರಿ ಟಿಕೆಟ್ಟಿನ ದುಡ್ಡಿನಲ್ಲಿ ಅವನ ಪಾಲೆಷ್ಟು ಎಂದು ರೆಸಾರ್ಟಿನವರನ್ನೂ ಇಲಾಖೆಯನ್ನೂ ಕೂರಿಸಿ ಕೇಳುವ ಕಾಲ ಬಂದಿದೆ.