ತಲೆ ತಿರುಗಿದಾಗ ನುಂಗುವ ಮಾತ್ರೆಗಳು

ತಲೆಸುತ್ತು ಬಂದರೆ ನಮ್ಮಲ್ಲಿ ಮೊದಲು ಪಿತ್ತದ ಮೇಲೆ ಅನುಮಾನ, ಆಮೇಲೆ ಬಿಪಿ ಮೇಲೆ. ಕಿವಿಯ ನೆನಪು ಯಾರಿಗೂ ಆಗುವುದಿಲ್ಲ. ವೈದ್ಯರಿಗೂ ಬಹುಕಾಲ ಆಗಿರಲಿಲ್ಲ. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ, ಈ ಸುತ್ತು ಮಿದುಳಿನಿಂದ ಮಾತ್ರವಲ್ಲ, ಒಳಗಿವಿಯಿಂದಲೂ ಬರಬಹುದು ಎಂದ. ಮೂಲ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಮುಂದೆ ಶಾರ್ಕೊ ಎಂಬ ಹೆಸರಾಂತ ನರರೋಗ ತಜ್ಞ ಇಂಥ ರೋಗಿಗಳಿಗೆ ಕ್ವಿನೈನ್ ಕೊಟ್ಟ.

ಈಗಿನ ಮಾತ್ರೆಗಳ ಕಥೆ ಆಕಸ್ಮಿಕವೊಂದರಿಂದ ಶುರುವಾಗುತ್ತದೆ. 1947ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಅಲರ್ಜಿ ವಿಭಾಗದಲ್ಲಿ, ಮೈಮೇಲೆ ಗಂಧೆ ಎದ್ದಿದ್ದ ಮಹಿಳೆಗೆ ಡೈಮೆನ್‌ಹೈಡ್ರಿನೇಟ್ ಎಂಬ ಮದ್ದು ಕೊಟ್ಟು ನೋಡಿದರು. ಟ್ರಾಮ್ ಹತ್ತಿದರೆ ಸಂಕಟಪಡುತ್ತಿದ್ದ ಆಕೆಗೆ ಆ ತೊಂದರೆಯೇ ನಿಂತುಹೋಯಿತು. ಅದೇ ವರ್ಷದ ಕೊನೆಗೆ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಅದರ ಪರೀಕ್ಷೆ ನಡೆಯಿತು. 1955ರಲ್ಲಿ ಬೆಲ್ಜಿಯಂನ ಯಾನ್ಸೆನ್ ಪ್ರಯೋಗಾಲಯದಿಂದ ಸಿನ್ನರಿಝಿನ್ ಬಂತು. ವಾಂತಿಗೂ ಮನೋರೋಗಕ್ಕೂ ಬಳಸುತ್ತಿದ್ದ ಪ್ರೋಕ್ಲೋರ್‌ಪೆರಝಿನ್ ಕೂಡ ತಲೆಸುತ್ತಿನ ಚೀಟಿ ಸೇರಿತು. ಸ್ಟೆಮೆಟಿಲ್ ಎಂದರೆ ಹೆಚ್ಚಿನವರಿಗೆ ಗೊತ್ತು.

ಇವು ರೋಗ ವಾಸಿಮಾಡುವುದಿಲ್ಲ, ಸುತ್ತನ್ನೂ ವಾಕರಿಕೆಯನ್ನೂ ಅಡಗಿಸುತ್ತವೆ. ಮೊದಲ ಎರಡು ಮೂರು ದಿನ ಅಷ್ಟೇ ಬೇಕು. ಒಂದು ಕಿವಿಯ ಸಮತೋಲನ ಕೆಟ್ಟರೆ ಮಿದುಳು ಅದಕ್ಕೆ ಹೊಂದಿಕೊಳ್ಳಲು ಕಲಿಯುತ್ತದೆ. ಮಾತ್ರೆ ತಿಂಗಳುಗಟ್ಟಲೆ ಮುಂದುವರಿದರೆ ಆ ಕಲಿಕೆಗೇ ಅಡ್ಡಿ. ವಯಸ್ಸಾದವರಲ್ಲಿ ಕೈನಡುಕ, ನಡಿಗೆ ನಿಧಾನವಾಗುವುದು, ಅಂದರೆ ಪಾರ್ಕಿನ್ಸನ್ ಥರದ ಲಕ್ಷಣಗಳೂ ಕಾಣಿಸಿಕೊಳ್ಳಬಹುದು. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಮತ್ತೆ ಮತ್ತೆ ಮಾತ್ರೆ ತರುವವರಿಗೆ ಇದನ್ನು ಹೇಳುವವರು ಕಡಿಮೆ.

ನಮ್ಮಲ್ಲಿ ವರ್ಟಿನ್ ಹೆಸರಿನಲ್ಲಿ ಮನೆಮಾತಾದ ಬೀಟಾಹಿಸ್ಟಿನ್‌ನದು ವಿಚಿತ್ರ ಚರಿತ್ರೆ. 1960ರ ದಶಕದಲ್ಲಿ ಅಮೆರಿಕ ಅನುಮತಿ ಕೊಟ್ಟಿತು, ಪುರಾವೆ ಸಾಲದೆಂದು ಹಿಂತೆಗೆದುಕೊಂಡಿತು; ಯೂರೋಪು, ಭಾರತಗಳಲ್ಲಿ ಮಾತ್ರ ಧಾರಾಳವಾಗಿ ಬಳಕೆಗೆ ಬಂತು. ಜರ್ಮನಿಯಲ್ಲಿ, ಮೆನಿಯೇರ್‌ನ ಹೆಸರನ್ನೇ ಹೊತ್ತ ಒಳಗಿವಿಯ ಕಾಯಿಲೆಯ 221 ರೋಗಿಗಳ ಮೇಲೆ 9 ತಿಂಗಳು ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಪ್ರಮಾಣ, ಹೆಚ್ಚು ಪ್ರಮಾಣ, ಹುಸಿಮಾತ್ರೆ ಮೂರರಲ್ಲೂ ಸುತ್ತಿನ ದಾಳಿಗಳು ಒಂದೇ ರೀತಿ ಇಳಿದವು. ತಾನಾಗಿ ಏರಿಳಿಯುವ ಕಾಯಿಲೆಯಲ್ಲಿ ಮಾತ್ರೆಗೆ ಪುಕ್ಕಟೆ ಕೀರ್ತಿ ಸಿಗುವುದು ಹೀಗೆ.

ಇನ್ನೊಂದು ದಾರಿ ವಿಷವನ್ನೇ ಮದ್ದಾಗಿಸಿದ್ದು. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಒಳಗಿವಿಯನ್ನು ಕೆಡಿಸುತ್ತಿತ್ತು; ಹಟ ಹಿಡಿದ ಮೆನಿಯೇರ್‌ಗೆ ಅದನ್ನೇ ಬಳಸಿದರು. ಈಗ ಕಿವಿದಮಟೆಯ ಮೂಲಕ ಜೆಂಟಮೈಸಿನ್ ಸೂಜಿ. ಶ್ರವಣಕ್ಕೆ ಅಪಾಯವಿರುವುದರಿಂದ ಮೊದಲು ಅದೇ ಜಾಗಕ್ಕೆ ಸ್ಟೆರಾಯ್ಡ್ ಹಾಕುವವರೇ ಹೆಚ್ಚು. ಸಮತೋಲನದ ನರ ಊದಿಕೊಂಡಾಗಲೂ ಸ್ಟೆರಾಯ್ಡ್‌ನಿಂದ ನರದ ಚೇತರಿಕೆ ಹೆಚ್ಚುತ್ತದೆಂದೂ, ವೈರಸ್ ವಿರೋಧಿ ಔಷಧಿಯಿಂದ ಪ್ರಯೋಜನವಿಲ್ಲವೆಂದೂ 2004ರ ಅಧ್ಯಯನವೊಂದು ತೋರಿಸಿತು. ಮೈಗ್ರೇನ್ ಜೊತೆಗಿನ ಸುತ್ತಿಗೆ ಪ್ರೊಪ್ರನೊಲಾಲ್, ಫ್ಲೂನರಿಝಿನ್ ಕೊಡುತ್ತಾರೆ.

ಎಲ್ಲಕ್ಕಿಂತ ಸಾಮಾನ್ಯವಾದ ಸುತ್ತಿಗೆ ಮಾತ್ರೆಯೇ ಬೇಡ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿಗೆ ಕತ್ತೆತ್ತಿದಾಗ ಗಿರ್ರನೆ ಬಂದು ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಅದು. ಒಳಗಿವಿಯ ಸುಣ್ಣದ ಹರಳುಗಳು ಜಾಗ ಬಿಟ್ಟು ಅರ್ಧವೃತ್ತದ ನಾಳಕ್ಕೆ ಇಳಿದಿರುತ್ತವೆ. ಡಿಕ್ಸ್, ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ಇದರ ಪರೀಕ್ಷೆ ವಿವರಿಸಿದರು: ಕತ್ತು ಓರೆಮಾಡಿ ಥಟ್ಟನೆ ಮಲಗಿಸಿ ಕಣ್ಣು ನೋಡುವುದು, ಹರಳು ಸರಿದಿದ್ದರೆ ಕಣ್ಣುಗುಡ್ಡೆ ತಿರುತಿರುಗಿ ಅದುರುತ್ತದೆ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ವಿಧಾನವನ್ನು ಜಾನ್ ಎಪ್ಲಿ ಎಂಬ ವೈದ್ಯ 1992ರಲ್ಲಿ ಪ್ರಕಟಿಸಿದ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಮಾರ್ಗಸೂಚಿಯಂತೂ ಈ ಸುತ್ತಿಗೆ ವಾಡಿಕೆಯಾಗಿ ಮಾತ್ರೆ ಬರೆಯಬೇಡಿ ಎನ್ನುತ್ತದೆ. ಮಲಗಿಸಿ ನೋಡಲು ಬೇಕಾಗುವುದು ಐದೇ ನಿಮಿಷ. ನಮ್ಮ ಹೊರರೋಗಿ ವಿಭಾಗಗಳ ಸಾಲಿನಲ್ಲಿ ಸಿಗದೇ ಇರುವುದೂ ಅದೇ.