ದೊಡ್ಡಪ್ಪನ ಪಿಂಚಣಿ ಮತ್ತು ನಮ್ಮ ಶಾಲೆಯ ದಾಖಲಾತಿ ಪುಸ್ತಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ ಶಾಲೆಯ ಆಟದ ಬಯಲು, ಪ್ರವಾಸ, ಮೇಷ್ಟ್ರ ಬೆತ್ತ ಎಲ್ಲವೂ ನೆನಪಾದವು. ಅವುಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿರುವ ಹಳೆಯ ದಾಖಲಾತಿ ಪುಸ್ತಕದ ಬಗ್ಗೆ ಬರೆಯುತ್ತೇನೆ. ನಮ್ಮ ದೊಡ್ಡಮ್ಮನಿಗೆ ಪಿಂಚಣಿ ಬರಲು ಆ ಪುಸ್ತಕವೇ ಕಾರಣವಾಯಿತು.

ದೊಡ್ಡಪ್ಪ ಸೇನೆಗೆ ಸೇರಿದ್ದು 1964ರಲ್ಲಿ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರು ಹೂತಿಟ್ಟ ನೆಲಬಾಂಬು ತೆಗೆಯುವುದು ಇವರ ಕೆಲಸ. 1971ರ ಡಿಸೆಂಬರಿನ ಯುದ್ಧದಲ್ಲಿ ಪಶ್ಚಿಮ ಗಡಿಯ ಬಸಂತರ್ ನದಿಯ ಹತ್ತಿರ ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಈ ಸ್ಯಾಪರ್‌ಗಳೂ ಇದ್ದರು. ತಾನೂ ಆ ಗಡಿಯಲ್ಲಿದ್ದೆ ಎಂಬುದನ್ನು ಬಿಟ್ಟರೆ ದೊಡ್ಡಪ್ಪ ಹೆಚ್ಚೇನೂ ಹೇಳುತ್ತಿರಲಿಲ್ಲ. ನಮ್ಮ ಕೆರೆ ಏರಿಯ ಮೇಲೆ ಹೋಗುವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದರು.

ಜವಾನನಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ಸೇವೆಯಾಗಿರಬೇಕು. ದೊಡ್ಡಪ್ಪ 18 ವರ್ಷ ಮುಗಿಸಿ 1982ರಲ್ಲಿ ಊರಿಗೆ ಬಂದರು. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ದೊಡ್ಡಮ್ಮನಿಗೆ ಬರಬೇಕಿತ್ತು. ಅರ್ಜಿ ಹಾಕಿದೆವು, ವಾಪಸು ಬಂತು. ಹೆಸರು ಹೊಂದುತ್ತಿಲ್ಲವಂತೆ.

ಸೇನೆಯಲ್ಲಿ ಮದುವೆ, ಮಕ್ಕಳ ಜನನ ಇವೆಲ್ಲ ಪಾರ್ಟ್ ಟೂ ಆರ್ಡರ್ ಎಂಬ ಆದೇಶದ ಮೂಲಕ ಸೈನಿಕನ ದಾಖಲೆಗೆ ಸೇರುತ್ತವೆ. ಮದುವೆಯಾದ ಹೊಸತರಲ್ಲಿ ದೊಡ್ಡಪ್ಪ ಹೆಂಡತಿಯ ತವರಿನ ಹೆಸರನ್ನೇ ಬರೆಸಿದ್ದರು. ನಮ್ಮ ಕಡೆ ಆಗಿನ ಪದ್ಧತಿಯಂತೆ ಅತ್ತೆಯ ಮನೆಯಲ್ಲಿ ಅವರಿಗೆ ಬೇರೆ ಹೆಸರಿಟ್ಟರು. ಪಡಿತರ ಚೀಟಿ, ಮತದಾರರ ಪಟ್ಟಿ, ಆಧಾರ್ ಎಲ್ಲದರಲ್ಲೂ ಇದ್ದದ್ದು ಆ ಹೆಸರು. ಕಾಗದದ ಪ್ರಕಾರ ಸೈನಿಕನ ಹೆಂಡತಿ ಒಬ್ಬಳು, ನಮ್ಮ ದೊಡ್ಡಮ್ಮ ಇನ್ನೊಬ್ಬಳು. "ಎಲ್ಡು ಹೆಸ್ರೂ ನಂದೇ ಕಣಪ್ಪ, ಬೇಕಾದ್ರೆ ಊರ್ನ ಕೇಳ್ಲಿ" ಎನ್ನುತ್ತಿದ್ದರು. ಎರಡು ಕಡೆಯ ಹೆಸರು ತಾಳೆಯಾಗದಿದ್ದರೆ ಅರ್ಜಿಯನ್ನು ತಳ್ಳಿಹಾಕುವ ಪ್ರೋಗ್ರಾಂಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಕಂಪ್ಯೂಟರಿಗೆ ಊರನ್ನು ಕೇಳಲು ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಈ ಓಡಾಟದ ನಡುವೆ ಒಂದು ದಿನ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಿದೆ. ತಕ್ಕೋಲದ ಯುದ್ಧದ ಕಾಲದ್ದು, ಅಂದರೆ ಕ್ರಿ.ಶ. 949ರ ಸುಮಾರಿನದು. ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟನೆಂದು ಅದರಲ್ಲಿದೆ. ಬಾಳ್ಗಳ್ಚು ಎಂದರೆ ಕತ್ತಿ ತೊಳೆದು ಕೊಡುವ ದಾನ. ಅದಕ್ಕೂ 500 ವರ್ಷ ಹಿಂದಿನ ಹಲ್ಮಿಡಿ ಶಾಸನದಲ್ಲೂ ಇದೇ ಮಾತಿದೆ. ಯುದ್ಧದಲ್ಲಿ ಗೆದ್ದ ವಿಜಅರಸನಿಗೆ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟು, ಅದನ್ನು ಕದ್ದವನಿಗೆ ಮಹಾಪಾಪವೆಂದು ಬರೆಸಿದ್ದಾರೆ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದು ಸೈನಿಕನಿಗೆ ಸಲ್ಲಬೇಕಾದದ್ದರ ದಾಖಲೆ! ಮುಂದೆ, ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದರು. ಇಂದಿನ ಕುಟುಂಬ ಪಿಂಚಣಿಯ ಹಿರಿಯಕ್ಕ ಅದು.

ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಉಳಿದಿದೆ. ನಮ್ಮ ಹಳ್ಳಿಗಳ ಮಾಸ್ತಿಕಲ್ಲುಗಳನ್ನು ನೋಡಿ. ಅನೇಕ ಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ ಇರುತ್ತದೆ, ಹೆಸರಿಲ್ಲ. ದೊಡ್ಡಮ್ಮನ ಪಾಡೂ ಹಾಗೆಯೇ ಆಗುತ್ತದೆ ಎಂದು ನನಗೆ ಅಂದು ಭಯವಾಯಿತು.

ದಾರಿ ತೋರಿಸಿದವರು ನಮ್ಮ ಅಕ್ಕ, ದೊಡ್ಡಮ್ಮನ ಮಗಳು. 1986ರಲ್ಲಿ ಅವರನ್ನು ಎಂಟನೇ ತರಗತಿಗೆ ಸೇರಿಸುವಾಗ ದೊಡ್ಡಪ್ಪ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದರು. ಶಾಲೆಗೆ ಬಂದವರು ದೊಡ್ಡಮ್ಮ. ಹಳೆಯ ಪುಸ್ತಕ ತೆಗೆಸಿದೆವು. ಅಂಚುಗಳನ್ನು ಗೆದ್ದಲು ತಿಂದಿತ್ತು, ಆ ಸಾಲು ಮಾತ್ರ ಉಳಿದಿತ್ತು. ತಂದೆಯ ಹೆಸರು, ಎದುರಿಗೆ ಮಾಜಿ ಸೈನಿಕ ಎಂದು ಉದ್ಯೋಗ. ಪೋಷಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಅಂದಿನ ಮೇಷ್ಟ್ರು ದೊಡ್ಡಮ್ಮನ ಎರಡೂ ಹೆಸರುಗಳನ್ನು ಬರೆದು ನಡುವೆ "ಉರುಫ್" ಎಂದು ಸೇರಿಸಿದ್ದರು. ನಿಮ್ಮ ಹೆಸರೇನಮ್ಮ ಎಂದು ಅವರು ಕೇಳಿರಬೇಕು, ದೊಡ್ಡಮ್ಮ ಎರಡನ್ನೂ ಹೇಳಿರಬೇಕು.

ಆ ಪುಟದ ದೃಢೀಕೃತ ನಕಲು, ನೋಟರಿ ಮುಂದೆ ಮಾಡಿಸಿದ ಅಫಿಡವಿಟ್, ಗಂಡಹೆಂಡತಿಯ ಜಂಟಿ ಫೋಟೋ ಸೇರಿಸಿ ಮತ್ತೆ ಅರ್ಜಿ ಕಳಿಸಿದೆವು. ಹದಿನಾಲ್ಕು ತಿಂಗಳ ಓಡಾಟ ಮುಗಿದು, ಬಾಕಿ ಸಮೇತ ಹಣ ಖಾತೆಗೆ ಬಂತು. ದೊಡ್ಡಮ್ಮ ಮೊದಲು ಕೇಳಿದ್ದು ಹಣ ಎಷ್ಟೆಂದಲ್ಲ. "ಯಾವ ಹೆಸ್ರಿಗೆ ಬಂತಪ್ಪ?" ಎಂದರು.

ನಮ್ಮ ಹೋಬಳಿಯಲ್ಲಿ ಸೇನೆಯಲ್ಲಿದ್ದವರ ಮನೆಯವರಿಗೆ ನನ್ನದೊಂದು ವಿನಂತಿ. ಡಿಸ್ಚಾರ್ಜ್ ಪುಸ್ತಕ ಮತ್ತು ಪಿಂಚಣಿ ಆದೇಶ ಅಂದರೆ ಪಿಪಿಓ ಎಲ್ಲಿವೆಯೆಂದು ಇಂದೇ ನೋಡಿ. ಅದರಲ್ಲಿ ಹೆಂಡತಿಯ ಹೆಸರು, ಜನ್ಮದಿನಾಂಕ ಆಧಾರ್‌ನಂತೆಯೇ ಇವೆಯೇ ಎಂದು ತಾಳೆ ನೋಡಿ. ತಪ್ಪಿದ್ದರೆ ಸೈನಿಕ ಬದುಕಿರುವಾಗಲೇ ತಿದ್ದಿಸುವುದು ಸುಲಭ.

ಶಾಲೆಗೂ ಒಂದು ಮಾತು. ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ದಾಖಲಾತಿ ಪುಸ್ತಕಗಳನ್ನೂ ಗೆದ್ದಲಿನಿಂದ ಉಳಿಸೋಣ. ಪುಟಪುಟವನ್ನೂ ಸ್ಕ್ಯಾನ್ ಮಾಡಿ ಶಾಲೆಯ ವಶಕ್ಕೆ ಕೊಡುವ ಕೆಲಸ ನನ್ನದು. ರಜೆ ಹಾಕಿ ಬರುತ್ತೇನೆ. ಜೊತೆಗೆ ಕೂರಲು ಹಳೆಯ ವಿದ್ಯಾರ್ಥಿಗಳು ಇಬ್ಬರು ಮೂವರು ಬಂದರೆ ಸಾಕು.